ತಗಡಿನ ಮೇಲಿನ ಮಣ್ಣು

ಬನಹಟ್ಟಿಯ ಹುಲೆಪ್ಪನಿಗೆ ಗೆಳೆಯರು ಇರಲಿಲ್ಲ. ಇರಲಿ ಎಂದು ಅವನು ಬಯಸಿದವನೂ ಅಲ್ಲ. ದಾರಿಯಲ್ಲಿ ಸಿಕ್ಕವರು “ಊಟ ಆತೇನ ಹುಲೆಪ್ಪಾ?” ಎಂದರೆ “ಆಗಿಲ್ಲಂದ್ರ ನೀ ನೀಡಾಂವೇನ?” ಎಂದು ಕೇಳಿ ಮುಂದೆ ಹೋಗುವ ಗಿರಾಕಿ. ಮೂಗಿನ ತುದಿಯಲ್ಲೇ ಸಿಟ್ಟು. ಬೀರೇಶ್ವರನ ಗುಡಿಯಲ್ಲಿ ಭಂಡಾರ ಹಚ್ಚಿಕೊಳ್ಳುವಾಗಲೂ ಯಾರ ಮೇಲಾದರೂ ದೂರು ಹೇಳಿಯೇ ಕೈಮುಗಿಯುತ್ತಾನೆ ಎಂದು ಜನ ನಗುತ್ತಿದ್ದರು. ಹಿಂದಿನಿಂದ ನಗುತ್ತಿದ್ದರು, ಎದುರಿಗೆ ನಗುವ ಧೈರ್ಯ ಯಾರಿಗಿತ್ತು?

ಆದರೆ ಬೇಸಿಗೆ ಮುಗಿಯುತ್ತ ಬಂತೆಂದರೆ ಎಂಥವರೂ ಅವನ ಬಾಗಿಲಿಗೆ ಹೋಗಿ ನಿಲ್ಲಬೇಕಾಗಿತ್ತು. ಆ ಕಾಲದ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ದಪ್ಪ ತೊಲೆಗಳು, ಅವುಗಳ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮೊಣಕೈ ಮುಳುಗುವಷ್ಟು ಮಣ್ಣು. ನಡುವೆ ಸೆಕೆಯೂ ಹೊಗೆಯೂ ಹೊರಗೆ ಹೋಗಲಿಕ್ಕೆ ಒಂದು ಬೆಳಕಿಂಡಿ. ಹೊರಗೆ ಕಾಲಿಟ್ಟರೆ ಪಾದ ಸುಡುವ ಬಿಸಿಲಿನಲ್ಲೂ ಒಳಗೆ ಮೈ ತಂಪಾಗುತ್ತಿತ್ತು. ಚಳಿಯಲ್ಲಿ ಅದೇ ಮಾಳಿಗೆ ಒಲೆಯ ಕಾವನ್ನು ಬೆಳಗಿನವರೆಗೆ ಹಿಡಿದಿಡುತ್ತಿತ್ತು. ಆದರೆ ಮಣ್ಣಿನ ಮಾಳಿಗೆಯನ್ನು ವರ್ಷ ವರ್ಷ ನೋಡಿಕೊಳ್ಳಬೇಕು. ಹುಲ್ಲಿನ ಬೇರು ಕೀಳಬೇಕು, ಬಿರುಕು ಬಿಟ್ಟ ಮೇಲ್ಪದರ ಕೆರೆಯಬೇಕು, ಸವಳು ಮಣ್ಣು ಹರವಿ ಮರದ ಕೊಡತಿಯಿಂದ ಬಡಿಯಬೇಕು. ಅದು ಹುಲೆಪ್ಪನ ಕೆಲಸ. ಅವನ ಅಜ್ಜ ಬೀಳಗಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದವನು, ಮಾಳಿಗೆ ಬಡಿಯುವುದನ್ನು ಕಲಿತು ಇಲ್ಲೇ ನಿಂತ. ಅಜ್ಜ ಬಡಿದ ಮಾಳಿಗೆಗಳನ್ನು ಅಪ್ಪ ಬಡಿದ, ಅಪ್ಪ ಬಡಿದದ್ದನ್ನು ಇವನು. ಸುಗ್ಗಿಯಲ್ಲಿ ಮನೆಗಿಷ್ಟು ಎಂದು ಜೋಳ ಬರುತ್ತಿತ್ತು.

ಅವನ ಮನೆತನಕ್ಕೊಂದು ರೂಢಿಯಿತ್ತು. ಮಾಳಿಗೆ ಬಡಿದವನು ಮೊದಲ ದೊಡ್ಡ ಮಳೆ ಸುರಿಯುವಾಗ ಆ ಮನೆಯೊಳಗೆ ಕೂತು ಉಣ್ಣಬೇಕು. ನೀರು ಸೋರಿದರೆ ಅವನ ತಾಟಿನಲ್ಲೇ ಬೀಳಲಿ ಎಂದು. ಹಳೆಯ ಮಾಳಿಗೆಯ ಮನೆಗಳಲ್ಲಿ ಒಂದೊಂದು ತುತ್ತು ತಿಂದು ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಮುಂದಿನ ಮನೆಗೆ ಓಡುತ್ತಿದ್ದ. ಹೊಸದಾಗಿ ಹಾಕಿದ್ದರೆ ಮಾತ್ರ ಪೂರಾ ಊಟ. ಹುಲೆಪ್ಪ ಉಂಡು ಹೋದ ಎಂದರೆ ಆ ಮನೆಯವರು ಆಮೇಲೆ ಮಾಳಿಗೆಯ ಚಿಂತೆಯನ್ನೇ ಮಾಡುತ್ತಿರಲಿಲ್ಲ.

ಇಂಥ ಮಾಳಿಗೆಗಳಲ್ಲಿ ಅವನಿಗೆ ಎಲ್ಲಕ್ಕಿಂತ ಹೆಮ್ಮೆಯದು ನೇಕಾರ ಚನಮಲ್ಲಪ್ಪನ ಮನೆಯದು. ಅಜ್ಜನ ಕೈಯಿಂದ ಶುರುವಾದ ಮಾಳಿಗೆ. ಅದರ ಕೆಳಗೆ ಚನಮಲ್ಲಪ್ಪನ ಕುಣಿ ಮಗ್ಗ ನಡೆಯುತ್ತಿತ್ತು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅವನು ಊಟಕ್ಕಷ್ಟೇ ಏಳುತ್ತಿದ್ದ. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಹೆಂಡತಿ ಕಸ್ತೂರೆವ್ವ ಆಡಿಬಿಡುತ್ತಿದ್ದಳು.

ಈ ಕಸ್ತೂರೆವ್ವನೇ ಊರಿಗೆ ತಗಡು ತಂದವಳು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಮೇಲೆ ಪೇಟೆಯಲ್ಲಿ ತಗಡು ಸಿಗತೊಡಗಿತ್ತು. ತೇರದಾಳದಲ್ಲಿ ಅವಳ ಅಣ್ಣ ಮನೆಗೆ ತಗಡು ಹೊದಿಸಿದ. ಅದನ್ನು ನೋಡಿ ಬಂದವಳಿಗೆ ತನ್ನ ಮನೆ ಹೊಲಸಾಗಿ ಕಾಣತೊಡಗಿತು. ಜಂತಿಯಿಂದ ಮಣ್ಣು ಉದುರುತ್ತದೆ, ಚೇಳು ಬೀಳುತ್ತದೆ, ವರ್ಷ ವರ್ಷ ಆ ಹುಲೆಪ್ಪನ ಮುಖ ನೋಡಬೇಕು. ಹಳೆಯ ತೊಲೆಗಳನ್ನು ಮಾರಿದಳು, ಸಣ್ಣ ಬೇವಿನ ಗಳ ಹಾಕಿಸಿದಳು, ಮೇಲೆ ತಗಡು ಹೊಡೆಸಿದಳು.

ಮಣ್ಣು ಇಳಿಸುವ ದಿನ ಹುಲೆಪ್ಪ ಎದುರಿನ ಕಟ್ಟೆಯ ಮೇಲೆ ನಿಂತಿದ್ದ. ಅಜ್ಜ, ಅಪ್ಪ, ತಾನು ಪದರ ಪದರವಾಗಿ ಬಡಿದಿದ್ದ ಮಣ್ಣನ್ನು ಆಳುಗಳು ಬುಟ್ಟಿ ಬುಟ್ಟಿ ತುಂಬಿ ಬೀದಿಗೆ ಸುರಿಯುತ್ತಿದ್ದರು. ಕಸ್ತೂರೆವ್ವ ಕೆಳಗೆ ನಿಂತು ಹೇಳಿದಳು:

“ಏನ್ ನೋಡ್ತಿ? ಇನ್ನ ನಿನ್ನ ಕೊಡತಿಗೆ ಇಲ್ಲಿ ಕೆಲಸಿಲ್ಲ. ಬರೂ ಸುಗ್ಗಿಗೆ ಚೀಲ ಹಿಡಕೊಂಡು ಬರಬ್ಯಾಡ.”

“ನಿಮ್ಮ ಜೋಳ ನೀವ ತಿನ್ರಿ ಅಕ್ಕಾರ. ಬ್ಯಾಸಗಿ ಬರಲಿ, ಆ ತಗಡಿನ ಮ್ಯಾಲ ರೊಟ್ಟೀನೂ ಅಲ್ಲೇ ಸುಟ್ಟಕೊಂಡ ತಿನ್ರಿ,” ಎಂದ ಹುಲೆಪ್ಪ.

ಮಾತಿನಲ್ಲಿ ಗೆದ್ದ ನಿಜ. ಮನೆಗೆ ಬಂದು ಮಾತ್ರ ಎರಡು ದಿನ ಅನ್ನ ಮುಟ್ಟಲಿಲ್ಲ. ಅವನ ಎದೆಯಲ್ಲಿ ಬೆಂಕಿ ಇಟ್ಟದ್ದು ಜೋಳವಲ್ಲ, ಬೀದಿಯಲ್ಲಿ ದನಗಳು ತುಳಿದಾಡಿದ ಆ ಮಣ್ಣು. ಮುಂದೆ ನೂಲಿನ ವ್ಯಾಪಾರಿ ಬಾಳಾಸಾಹೇಬರು ತಮ್ಮ ನೂಲಿನ ಕೋಣೆಗೆ ತಗಡು ಹೊದಿಸಿದರು. ಇನ್ನೂ ಕೆಲವರು ತಗಡಿನ ಮಾತು ಆಡತೊಡಗಿದರು. ಒಂದೊಂದು ಮಾಳಿಗೆ ಕೈತಪ್ಪಿದಾಗಲೂ ಹುಲೆಪ್ಪ ಶಪಿಸಿದ್ದು ಕಸ್ತೂರೆವ್ವನನ್ನೇ. ಹೆಂಡತಿ ಲಗಮವ್ವ “ಬಿಡ್ರಿ, ಹೋದರ ಹೋಗಲಿ” ಎಂದರೆ ಅವಳ ಮೇಲೂ ಹರಿಹಾಯುತ್ತಿದ್ದ. ಅವನಿಗೆ ಬೇರೇನೂ ಬೇಡವಾಗಿತ್ತು, ಹೋದ ಮಾಳಿಗೆಗಳು ವಾಪಸು ಬರಬೇಕಾಗಿತ್ತು, ಅಷ್ಟೇ.

ಬೇಸಿಗೆ ಬಂತು. ಕಸ್ತೂರೆವ್ವನ ಮನೆ ರೊಟ್ಟಿ ಬೇಯಿಸುವ ಹಂಚಾಯಿತು. ಮನುಷ್ಯರು ಹೇಗೋ ತಡೆದುಕೊಂಡಾರು, ನೂಲು ತಡೆಯುವುದಿಲ್ಲ. ಒಣ ಹವೆಗೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟ ಹರಿಯತೊಡಗಿದವು. ಚನಮಲ್ಲಪ್ಪ ಒಂದು ಎಳೆ ಗಂಟು ಹಾಕುವಷ್ಟರಲ್ಲಿ ಇನ್ನೆರಡು ಹರಿಯುತ್ತಿದ್ದವು. ಕುಣಿಯ ಸುತ್ತ ನೀರು ಹೊಡೆದರು. ಬಾಗಿಲಿಗೆ ಒದ್ದೆ ಗೋಣಿತಟ್ಟು ಕಟ್ಟಿದರು. ತಗಡಿನ ಮೇಲೆ ಕಬ್ಬಿನ ಒಣ ಸೋಗೆಯ ರವದಿ ಹರವಿದರು, ಸುಳಿಗಾಳಿ ಬಂದು ಅದನ್ನು ಓಣಿಯ ತುಂಬ ಹಂಚಿ ಹೋಯಿತು. ಹುಲೆಪ್ಪ ಬೇರೆ ಕೆಲಸವಿದ್ದವನಂತೆ ದಿನಕ್ಕೊಮ್ಮೆ ಆ ಓಣಿಯಲ್ಲಿ ಹಾಯ್ದು ಬರುತ್ತಿದ್ದ. ಮಗ್ಗ ನಿಂತು ನಿಂತು ನಡೆಯುವ ಸಪ್ಪಳ ಕೇಳಿದಾಗ ಅವನ ಹೊಟ್ಟೆ ತಣ್ಣಗಾಗುತ್ತಿತ್ತು. ಇದನ್ನು ಮುಚ್ಚಿಡುವುದೇಕೆ, ಅವನಿಗೆ ಖುಷಿಯೇ ಆಗುತ್ತಿತ್ತು.

ಒಂದು ಮುಂಜಾನೆ ಕಸ್ತೂರೆವ್ವ ಅವನ ಬಾಗಿಲಿಗೆ ಬಂದಳು. ತಪ್ಪಾಯಿತೆಂದು ಬಂದವಳಲ್ಲ, ಅವಳ ಜಾಯಮಾನದಲ್ಲೇ ಅದು ಇರಲಿಲ್ಲ.

“ತಗಡಿನ ಮ್ಯಾಲ ಮಣ್ಣ ಹಾಕಬೇಕು. ಮೊದಲಿನಂಗ ದಪ್ಪ. ನಾಳೆ ಬಾ. ಜೋಳ ಮೊದಲಿನಂಗನ ಕೊಡ್ತೇನಿ.”

“ತಗಡಿನ ಮ್ಯಾಲ?” ಹುಲೆಪ್ಪ ಕೇಳಿದ.

“ಹೌದು, ತಗಡಿನ ಮ್ಯಾಲ. ಸೋರೂದಕ್ಕ ತಗಡ, ತಂಪಿಗೆ ಮಣ್ಣ. ಇಷ್ಟ ದಿವಸ ನಿನ್ನ ತಲೀಗೆ ಯಾಕ ಹೊಳೀಲಿಲ್ಲ ಇದು?”

ಹುಲೆಪ್ಪನಿಗೆ ಹೊಳೆದದ್ದು ಬೇರೆ. ಒಣ ಮಣ್ಣು ಒಂದು ತೂಕ, ಮಳೆ ಕುಡಿದ ಮಣ್ಣು ಇನ್ನೊಂದು ತೂಕ. ಅದನ್ನು ಹೊತ್ತಿದ್ದ ತೊಲೆಗಳನ್ನು ಇವಳು ಮಾರಿಬಿಟ್ಟಿದ್ದಾಳೆ. ಈಗಿರುವ ಸಣ್ಣ ಗಳಗಳು ಬೇಸಿಗೆಯಲ್ಲಿ ಹೊತ್ತಾವು. ಮಳೆಗೆ ಲಟಕ್ಕೆಂದು ಮುರಿದಾವು. ಇಷ್ಟು ಹೇಳಲಿಕ್ಕೆ ನಾಲ್ಕು ಮಾತು ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅವಳು, “ಈ ಸಲ ಹುಲ್ಲಿನ ಬೇರ ಇರದ ಮಣ್ಣ ತಾ. ನಿಮ್ಮಪ್ಪನೂ ಕಸದ ಮಣ್ಣ ತರ್ತಿದ್ದ, ನೀನೂ ಹಂಗ,” ಎಂದಳು.

“ಆತು,” ಎಂದ ಹುಲೆಪ್ಪ. “ನಾಳೆ ಬರ್ತೇನಿ.”

ಅವಳು ಹೋದ ಮೇಲೆ ಲಗಮವ್ವ ಒಳಗಿನಿಂದ ಬಂದಳು. ಅವಳೂ ಮೂವತ್ತು ವರ್ಷ ಮಣ್ಣು ಹೊತ್ತವಳೇ.

“ಆ ಗಳ ತಡೀತಾವೇನ್ರಿ?”

“ಆಕಿ ಮನಿ, ಆಕಿ ಗಳ, ಆಕಿ ಶಾಣ್ಯಾತನ. ನಿನಗ್ಯಾಕ?”

“ಒಂದ ಮಾತ ಹೇಳಬೇಕಿತ್ತು.”

“ನಮ್ಮಪ್ಪನ ಹೆಸರ ಎತ್ತಿದ್ದ ಕೇಳಲಿಲ್ಲೇನ ನೀ?” ಹುಲೆಪ್ಪ ಹಲ್ಲು ಕಡಿದ. “ಬೀಳಲಿ. ಬಿದ್ದ ಮ್ಯಾಲ ಊರಿಗೆಲ್ಲ ತಿಳೀತೈತಿ ತಗಡಂದ್ರ ಏನಂತ.”

ಹಾಕಿದ. ಅಂಥ ಚೆಂದದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಮಣ್ಣು ಜಾರದಂತೆ ಸುತ್ತ ಅಂಚು ಕಟ್ಟಿದ, ನೀರು ಹೊರಗೆ ಬೀಳಲು ಅಂಚಿನಲ್ಲಿ ಹೆಸರಿಗೊಂದು ಸಣ್ಣ ನಾಳದಂಥ ದೋಣಿ ಇಟ್ಟ, ಹೇಳಿದ್ದಕ್ಕಿಂತ ನಾಲ್ಕು ಬೆರಳು ಹೆಚ್ಚೇ ಹರವಿದ. ಪ್ರತಿ ಬುಟ್ಟಿ ಸುರಿಯುವಾಗಲೂ ಮನಸ್ಸಿನಲ್ಲೇ ಒಂದು ಬೈಗುಳ ಸುರಿದ. ಲಗಮವ್ವ ಆ ಕೆಲಸಕ್ಕೆ ಬರಲಿಲ್ಲ, ಸೊಂಟನೋವು ಎಂದು ಮನೆಯಲ್ಲೇ ಉಳಿದಳು.

ಮನೆ ತಂಪಾಯಿತು. ಎಳೆ ಹರಿಯುವುದು ನಿಂತಿತು. ಕಸ್ತೂರೆವ್ವ ಓಣಿಯ ಹೆಂಗಸರನ್ನೆಲ್ಲ ಕರೆದು ನಡುಮನೆಯಲ್ಲಿ ಕೂರಿಸಿ, ಹೇಗಿದೆ ನೋಡಿರಿ ನನ್ನ ಉಪಾಯ ಎಂದಳು. ಬಾಳಾಸಾಹೇಬರೇ ಹುಲೆಪ್ಪನನ್ನು ದಾರಿಯಲ್ಲಿ ನಿಲ್ಲಿಸಿ, “ನಮ್ಮ ನೂಲಿನ ಖೋಲಿಗೂ ಹಂಗನ ಹಾಕಬೇಕಲ್ಲೋ. ಛಲೋ ಕೆಲಸ ಮಾಡಿಯಂತ,” ಎಂದರು. “ಒಂದ ಮಳಿ ಆಗಲ್ರಿ,” ಎಂದ ಹುಲೆಪ್ಪ. ದೊಡ್ಡವರು ತಾವಾಗಿ ನಿಂತು ಮಾತಾಡಿಸಿದ್ದು ಅವನಿಗೆ ಹಿತವಾಗಿತ್ತು, ಆದರೂ ಅಲ್ಲಿ ನಿಲ್ಲದೆ ಬಿರಬಿರನೆ ಹೆಜ್ಜೆ ಹಾಕಿದ.

ರೋಹಿಣಿ ಮಳೆಯ ಮೋಡ ಒಂದು ಮಧ್ಯಾಹ್ನ ಪಡುವಣದಲ್ಲಿ ಕಪ್ಪಾಗಿ ಎದ್ದಿತು. ಕಸ್ತೂರೆವ್ವನ ಮನೆಯಿಂದ ಊಟಕ್ಕೆ ಕರೆ ಬಂತು. ಹೊಸ ಮಣ್ಣು, ಪೂರಾ ಊಟ, ಹೋಳಿಗೆ. ಹುಲೆಪ್ಪ ಈ ರೂಢಿಯನ್ನು ಮರೆತಿದ್ದನೆಂದಲ್ಲ. ಸಿಟ್ಟಿನ ಭರದಲ್ಲಿ ಅದು ತನಗೂ ತಗಲುತ್ತದೆ ಎಂದು ಯೋಚಿಸಿರಲಿಲ್ಲ. ಹೋಗದಿದ್ದರೆ, ತಾನು ಹಾಕಿದ ಮಾಳಿಗೆಯ ಕೆಳಗೆ ಕೂರಲು ಹುಲೆಪ್ಪ ಹೆದರಿದ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ನಾಲ್ಕು ತುತ್ತು ನುಂಗಿ ಮಳೆ ಜೋರಾಗುವ ಮೊದಲೇ ಎದ್ದು ಬಂದರಾಯಿತು ಎಂದು ಲೆಕ್ಕ ಹಾಕಿ ಹೊರಟ.

ಕಸ್ತೂರೆವ್ವ ತಾಟು ಇಟ್ಟಳು. ಪಕ್ಕದಲ್ಲೇ ಚನಮಲ್ಲಪ್ಪ ಕುಣಿಯಲ್ಲಿ ಕೂತು ನೇಯುತ್ತಿದ್ದ. ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ಹುಲೆಪ್ಪ ಮೊದಲ ತುತ್ತು ಮುರಿದಾಗ ಹನಿ ಶುರುವಾಯಿತು. ಎರಡನೆಯ ತುತ್ತಿಗೆ ಮಳೆ ಹಿಡಿಯಿತು. ಮಣ್ಣು ಹೊದ್ದ ತಗಡಿನಿಂದ ಸಪ್ಪಳವೇ ಇಲ್ಲ; ಬಾಗಿಲಾಚೆ ನೋಡಿದರಷ್ಟೇ ಮಳೆ.

ಚನಮಲ್ಲಪ್ಪ ಕೈ ನಿಲ್ಲಿಸದೆಯೇ ಹೇಳಿದ: “ಹುಲೆಪ್ಪಾ, ಒಂದ ಎಳೀನೂ ಹರಿಯವೊಲ್ಲದು ನೋಡು. ಭಾಳ ಪುಣ್ಯಾ ಕಟಗೊಂಡಿ ಮಾರಾಯಾ.”

ಆ ಮನುಷ್ಯ ಇಷ್ಟು ಉದ್ದದ ಮಾತು ಆಡಿದ್ದನ್ನು ಹುಲೆಪ್ಪ ಕೇಳಿದ್ದೇ ಇಲ್ಲ. ಕೈಯಲ್ಲಿದ್ದ ಹೋಳಿಗೆಯನ್ನು ತಿರುಗಿ ತಾಟಿಗಿಟ್ಟ. ಈ ಮನೆಯ ಮೇಲೆ ಹಗೆ ಸಾಧಿಸುವಾಗ ಅವನ ಕಣ್ಣಮುಂದೆ ಕಸ್ತೂರೆವ್ವ ಒಬ್ಬಳೇ ಇದ್ದಳು. ಹಗಲೆಲ್ಲ ಈ ಮಾಳಿಗೆಯ ಕೆಳಗೆ ಇರುವವನು ಬೇರೆ ಎಂಬುದು ಈಗ, ತಾಟಿನ ಮುಂದೆ ಕೂತಾಗ, ಅವನ ತಲೆಗೆ ಸರಿಯಾಗಿ ಹೊಕ್ಕಿತು. ತಲೆಯೆತ್ತಿ ಗಳಗಳನ್ನು ನೋಡಿದ. ನಡುವಿನ ಗಳ ಒಂದು ಬೆರಳಿನಷ್ಟು ಬಾಗಿತ್ತು. ಅವನು ನೋಡುತ್ತಿದ್ದಂತೆಯೇ ಅದು ಕಿರ್ರೆಂದಿತು.

ತೊಳೆಯದ ಕೈಯಲ್ಲೇ ಎದ್ದ. “ಚನಮಲ್ಲಪ್ಪಾರ, ಏಳ್ರಿ. ಹೊರಗ ನಡೀರಿ.”

“ಹಾಸಿನ ಮ್ಯಾಲ ಸೀರಿ ಐತಿ. ಎಲ್ಲಿಗಿ ಏಳ್ಲಿ?”

“ಏಳ್ರಿ ಅಂದ್ನಿ! ಅಕ್ಕಾರ, ನೀವೂ ಹೊರಗ ಬರ್ರಿ!”

“ಉಣ್ಣೂ ತಾಟ ಬಿಟ್ಟು ಏನಿದು ನಿಂದು?” ಎಂದು ಕಸ್ತೂರೆವ್ವ ಶುರುಮಾಡಿದಳು. ಹುಲೆಪ್ಪ ಅದನ್ನು ಕೇಳುತ್ತ ನಿಲ್ಲಲಿಲ್ಲ. ಹಿತ್ತಿಲಲ್ಲಿದ್ದ ಸಲಿಕೆ ಎತ್ತಿಕೊಂಡು ನಿಚ್ಚಣಿಕೆ ಹತ್ತಿದ. ಮೇಲೆ ಮಣ್ಣು ನೀರು ಕುಡಿದು ಕೆಸರಾಗಿತ್ತು, ದೋಣಿ ಕಟ್ಟಿಕೊಂಡು ಅಂಚಿನೊಳಗೆ ಕಣಕಾಲಷ್ಟು ನೀರು ನಿಂತಿತ್ತು. ತನ್ನ ಭಾರವೂ ಗಳಗಳ ಮೇಲೆ ಬೀಳಬಾರದೆಂದು ಗೋಡೆಯ ಮೇಲೇ ಕಾಲೂರಿ ಮೊದಲು ಅಂಚು ಒಡೆದು ನೀರು ಬಿಟ್ಟ. ಆಮೇಲೆ ಸಲಿಕೆಯಿಂದ, ಮಗ್ಗದ ಮೇಲಿನ ಮಣ್ಣನ್ನು ಮೊದಲು ಮಾಡಿ, ಬಾಚಿ ಬಾಚಿ ಬೀದಿಗೆ ಎಸೆಯತೊಡಗಿದ.

ಕಸ್ತೂರೆವ್ವ ಮಳೆಗೇ ಹೊರಗೆ ಓಡಿಬಂದಳು. “ಲೇ ಹುಲ್ಯಾ! ಹಾಕಿದ ಮಣ್ಣ ತಗೀತೀಯಾ? ನನ್ನ ಮನಿ ತಂಪಾಗಿದ್ದು ನಿನ್ನ ಕಣ್ಣಿಗೆ ಆಗಲಿಲ್ಲೇನೋ? ಇಳೀ ಕೆಳಗ, ಇಳೀತಿಯೋ ಇಲ್ಲೋ!”

“ಬಾಯಿ ಮುಚ್ಚಿ ಗಂಡನ್ನ ಹೊರಗ ಎಳಕೊಂಡ ಬಾ!”

ಅವಳು ಕೆಸರಿನ ಹೆಂಟೆ ಎತ್ತಿ ಬೀಸಿದಳು. ಒಂದು ಅವನ ಕಿವಿಗೆ ಬಡಿಯಿತು. ಓಣಿಯ ಜನ ಗೋಣಿಚೀಲ ಹೊದ್ದುಕೊಂಡು ಬಂದು ನಿಂತರು. ಒಬ್ಬನೂ ಮೇಲೆ ಹತ್ತಲಿಲ್ಲ. ಕೆಳಗೆ ಮಗ್ಗದ ಸಪ್ಪಳ ಮಾತ್ರ ನಿಲ್ಲಲೇ ಇಲ್ಲ. ಆ ಸಪ್ಪಳ ಕೇಳಿದಷ್ಟು ಸಲವೂ ಹುಲೆಪ್ಪ ಚನಮಲ್ಲಪ್ಪನನ್ನು, ಅವನ ಸೀರೆಯನ್ನು, ಅದನ್ನು ಉಡುವವಳನ್ನು ಸೇರಿಸಿ ಬೈದ, ಬೈಯುತ್ತ ಬೈಯುತ್ತ ಬಾಚಿದ. ಮಳೆ ನಿಂತಾಗ ತಗಡು ಬರಿದಾಗಿ ಹೊಳೆಯುತ್ತಿತ್ತು, ಮನೆ ನಿಂತಿತ್ತು, ಅವನ ಅಂಗೈ ಕಿತ್ತುಹೋಗಿತ್ತು.

ಮನೆ ನಿಂತದ್ದೇ ಅವನಿಗೆ ಮುಳುವಾಯಿತು. ಬಿದ್ದಿದ್ದರೆ ಜನ ನೋಡುತ್ತಿದ್ದರು. ಬೀಳದೆ ಉಳಿದದ್ದನ್ನು ಯಾರಿಗೆ ತೋರಿಸುವುದು? ಕಸ್ತೂರೆವ್ವ ಸಂಜೆಯೊಳಗೆ ಓಣಿ ಓಣಿ ತಿರುಗಿ ಹೇಳಿದಳು: ಹೊಟ್ಟೆಕಿಚ್ಚಿನವನು, ಉಂಡ ಮನೆಯ ಮಣ್ಣನ್ನು ಉಣ್ಣುತ್ತಲೇ ಎದ್ದು ಕಿತ್ತುಹಾಕಿದ. ಮರುದಿನ ಬಾಳಾಸಾಹೇಬರ ಕಟ್ಟೆಗೆ ಹುಲೆಪ್ಪನನ್ನು ಕರೆಸಿದರು. ಅವನು ಅರಿವೆ ಸುತ್ತಿದ ಕೈಗಳನ್ನು ಕಟ್ಟಿಕೊಂಡು ನಿಂತ. ಲಗಮವ್ವ ದೂರದಲ್ಲಿ ಬೇವಿನ ಗಿಡದ ಕೆಳಗೆ ನಿಂತಿದ್ದಳು.

“ಮಣ್ಣ ಯಾಕ ತಗದಿ?” ಬಾಳಾಸಾಹೇಬರು ಕೇಳಿದರು.

“ಗಳ ಮುರೀತಿದ್ವು. ಮಾಳಗಿ ಬೀಳತಿತ್ತು.”

“ಮುರೀಲಿಲ್ಲಲ್ಲ!” ಎಂದಳು ಕಸ್ತೂರೆವ್ವ.

“ತಗದದ್ದಕ್ಕ ಮುರೀಲಿಲ್ಲ.”

ಜನ ನಕ್ಕರು. ಬಾಳಾಸಾಹೇಬರು ನಗಲಿಲ್ಲ. “ಮುರೀತಾವಂತ ಗೊತ್ತಿದ್ರ ಹಾಕಿದ್ಯಾಕ?”

ಆಗ ಎಲ್ಲರ ಹಿಂದೆ ಕೂತಿದ್ದ ಚನಮಲ್ಲಪ್ಪ ಎದ್ದು ನಿಂತ. ಹುಲೆಪ್ಪನನ್ನು ಉಳಿಸಲಿಕ್ಕೆಂದೇ ಎದ್ದ ಪುಣ್ಯಾತ್ಮ. “ಹೋಗಲಿ ಬಿಡ್ರಿ ಸಾವಕಾರ. ಅಂವಗೇನ ಗೊತ್ತು? ಅಂವ ಮಣ್ಣಿನ ಮಾಳಗ್ಯಾಂವ, ತಗಡು, ಗಳ, ಅದರ ತೂಕ ಅಂವಗ ಹೆಂಗ ತಿಳೀಬೇಕು? ಗೊತ್ತಿಲ್ದ ಹಾಕಿದ, ಹೆದರಿ ತಗದ. ಅಷ್ಟ.”

ಬಾಳಾಸಾಹೇಬರ ಮುಖ ಸಡಿಲವಾಯಿತು. “ಹೌದೇನೋ? ಗೊತ್ತಿರಲಿಲ್ಲಂತ ಒಂದ ಮಾತ ಹೇಳು, ಆತು. ಕೈ ಮುಗದ ಮನಿಗಿ ಹೋಗು. ಬರೂ ವರ್ಷನೂ ನಮ್ಮ ಮಾಳಗಿ ನೀನ ಬಡೀ.”

ಪಾರಾಗುವ ಬಾಗಿಲು ತೆರೆದೇ ಇತ್ತು. ಲಗಮವ್ವ ದೂರದಿಂದಲೇ ಕಣ್ಣಲ್ಲಿ ಬೇಡಿಕೊಂಡಳು. ಎರಡು ಶಬ್ದ ಆಡಿದ್ದರೆ ಅವನು ಆಸೆಪಟ್ಟ ಮಾಳಿಗೆಗಳೆಲ್ಲ ಅವನವೇ ಆಗಿ ಉಳಿಯುತ್ತಿದ್ದವು. ಆದರೆ ಹುಲೆಪ್ಪನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು, ಅಂವಗೇನ ಗೊತ್ತು. ಹಿಂದಿನ ದಿನ ಬಡಿದ ಕೆಸರಿನ ಹೆಂಟೆಗಿಂತ ಅದು ಜೋರಾಗಿ ಬಡಿದಿತ್ತು.

“ಯಾರಿಗೆ ಗೊತ್ತಿಲ್ಲ?” ಎಂದ. “ಮೂರ ತಲಿಯಿಂದ ಮಾಳಗಿ ಬಡದ ಮನಿತನ ನಮ್ಮದು. ನಂಗ ಗೊತ್ತಿಲ್ಲೇನ? ಹಾಕೂ ದಿನಾನ ಗೊತ್ತಿತ್ತು. ಮೊದಲನೇ ಮಳಿಗೇ ಮುರೀತಾವಂತ ಗೊತ್ತಿತ್ತು. ಬೀಳಲಿ ಅಂತ್ಹೇಳೇ ಹಾಕಿದ್ನಿ.”

ಯಾರೂ ನಗಲಿಲ್ಲ. ಕಸ್ತೂರೆವ್ವ ಎಂದೂ ಇಲ್ಲದ ಸಣ್ಣ ಧ್ವನಿಯಲ್ಲಿ, “ಮತ್ತ ತಗದ್ಯಾಕ?” ಎಂದು ಕೇಳಿದಳು.

“ನಿನ್ನ ಸಲುವಾಗಿ ಅಲ್ಲ,” ಎಂದು ಹುಲೆಪ್ಪ ಕಟ್ಟೆಯಿಂದ ಇಳಿದು ನಡೆದ. ಚನಮಲ್ಲಪ್ಪ ಅವನತ್ತ ನೋಡಿದ, ಹುಲೆಪ್ಪ ಅವನತ್ತ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಲಗಮವ್ವ ನೀರಿಗೆ ಹೋದವಳು ಅರ್ಧ ದಾರಿಯಿಂದಲೇ ತಿರುಗಿ ಬಂದಳು. ಗಂಡನನ್ನು ಕೈಹಿಡಿದು ಬಾಗಿಲಿಗೆ ಕರೆತಂದಳು. ಎದುರಿನ ಮಾಳಿಗೆಯ ಮೇಲೆ ಜನ ಹತ್ತಿದ್ದರು. ಅದರಾಚೆಯದರ ಮೇಲೆಯೂ. ಬಾಳಾಸಾಹೇಬರ ದೊಡ್ಡ ಮನೆಯ ಮಾಳಿಗೆಯ ಮೇಲೆ ಆಳುಗಳು ಸಾಲುಗಟ್ಟಿ ನಿಂತಿದ್ದರು. ಹಗೆಯಿಂದ ಒಂದು ಮನೆಗೆ ಸಾವು ಹೊರಿಸಿದವನು ತಮ್ಮ ಮನೆಗೆ ಏನು ಹೊರಿಸಿದ್ದಾನೋ ಯಾರಿಗೆ ಗೊತ್ತು? ಊರಿನಲ್ಲಿ ಹುಲೆಪ್ಪನ ಬಾಯಿಯಿಂದ ಬೈಸಿಕೊಳ್ಳದ ಮನೆ ಒಂದೂ ಇರಲಿಲ್ಲ. ದಪ್ಪ ತೊಲೆಗಳ ಮೇಲಿನ ಗಟ್ಟಿ ಮಣ್ಣನ್ನು, ಒಂದು ಹನಿಯೂ ಸೋರದ ಮಣ್ಣನ್ನು, ಎಲ್ಲರೂ ಕೆರೆದು ಕೆರೆದು ಬೀದಿಗೆ ಸುರಿಯುತ್ತಿದ್ದರು.

“ಮಳಿ ಮುಂದ ಐತಿ,” ಎಂದಳು ಲಗಮವ್ವ. “ಎಲ್ಲಾರ ಮನೀನೂ ಸೋರ್ತಾವ.”

ಅವಳಿಗೆ ಅಳು ಬಂತು. “ಗೊತ್ತಿರಲಿಲ್ಲ ಅಂದಿದ್ರ ಏನಾಗ್ತಿತ್ತ್ರಿ ನಿಮಗ?”

“ಗೊತ್ತಿತ್ತಲ್ಲ,” ಎಂದ ಹುಲೆಪ್ಪ.